ಅಕ್ಕಿ ಡ್ರಮ್ಮಿನ ಮೇಲೊಂದು ಶಾಂತ ಆಟ

ನಮ್ಮ ಮನೆಯಲ್ಲಿ ಅನ್ನಕ್ಕೆ ಅಕ್ಕಿ ತೆಗೆಯಬೇಕಾದರೆ ಮೊದಲು ಎರಡು ಸೈನ್ಯಗಳನ್ನು ಎತ್ತಿ ಪಕ್ಕಕ್ಕಿಡಬೇಕಿತ್ತು. ಡೊಂಬಿವಲಿಯ ಆ ಎರಡು ಕೋಣೆಗಳ ಮನೆಯಲ್ಲಿ ಚದುರಂಗದ ಹಲಗೆಗೆ ಬೇರೆ ಜಾಗವೇ ಇರಲಿಲ್ಲ. ಹೊರಗಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಗೋಡೆಯ ಕಪಾಟು, ಹಗಲಿಡೀ ಸುತ್ತಿಟ್ಟ ಹಾಸಿಗೆಗಳ ರಾಶಿ. ಒಳಗಿನ ಕೋಣೆಯಲ್ಲಿ ಅಡುಗೆ ಕಟ್ಟೆ, ಪಾತ್ರೆ ತೊಳೆಯುವುದಕ್ಕೂ ಮೈ ತೊಳೆಯುವುದಕ್ಕೂ ಒಂದೇ ಮೋರಿ, ದೇವರ ಗೂಡು, ಮತ್ತು ಗೋಡೆಯಿಂದ ಮೊಳದಷ್ಟು ಮುಂದೆ ನಿಂತ ಅಕ್ಕಿ ಡ್ರಮ್ಮು. ಮಳೆಗಾಲದಲ್ಲಿ ಗೋಡೆಯ ತೇವ ಅಕ್ಕಿಗೆ ಹತ್ತುತ್ತದೆಂದು ಅಮ್ಮ ಅದನ್ನು ಹಾಗೆ ಮುಂದಕ್ಕೆಳೆದಿದ್ದಳು. ಅದರ ಮುಚ್ಚಳದ ಮೇಲೆ ಹೋಟೆಲಿನ ಒಂದು ಹಳೆಯ ಟ್ರೇ, ಟ್ರೇಯಲ್ಲಿ ಹಲಗೆ, ಹಲಗೆಯ ಮೇಲೆ ಯಾವಾಗಲೂ ಅರ್ಧಕ್ಕೆ ನಿಂತ ಒಂದು ಆಟ. ಅಮ್ಮ ದಿನಕ್ಕೆರಡು ಸಲ ಆ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಮಂಚಕ್ಕೆ ಸಾಗಿಸುತ್ತಿದ್ದಳು. ಒಮ್ಮೆ ಕಪ್ಪು ಕಾಲಾಳೊಂದು ಅಕ್ಕಿಗೆ ಬಿದ್ದು, ಅನ್ನದ ಜೊತೆಗೇ ಬೆಂದು, ಅಪ್ಪನ ತಟ್ಟೆಗೆ ಬಂತು. ಅಪ್ಪ ಅದನ್ನು ತೊಳೆದು, ಒರೆಸಿ, ಅದರ ಮನೆಯಲ್ಲಿ ಇಟ್ಟು ಬಂದು ಊಟ ಮುಂದುವರಿಸಿದರು. ಬಣ್ಣ ಸ್ವಲ್ಪ ಬಿಟ್ಟಿತ್ತು, ಅಷ್ಟೆ.

“ಬೇರೆಯವರಿಗೆ ಅಕ್ಕಿಯಲ್ಲಿ ಕಲ್ಲು ಹೆಕ್ಕಲಿಕ್ಕೆ ಉಂಟು. ನನಗೆ ಇನ್ನು ಆನೆ, ಕುದುರೆ ಹೆಕ್ಕಲಿಕ್ಕೆ!” ಎಂದಳು ಅಮ್ಮ.

ಆಡುತ್ತಿದ್ದವರು ಅಪ್ಪ ಮತ್ತು ಅವರ ತಮ್ಮ, ನನ್ನ ಚಿಕ್ಕಪ್ಪ. ಠಾಣೆಯ ನೌಪಾಡಾದಲ್ಲಿದ್ದ ನಮ್ಮ ಉಡುಪಿ ಹೋಟೆಲನ್ನು ಇಬ್ಬರೂ ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಇಡ್ಲಿಯ ಹಬೆ ಏಳುವ ಹೊತ್ತಿನಿಂದ ಮಧ್ಯಾಹ್ನ ಎರಡರವರೆಗೆ ಅಪ್ಪ. ಅಲ್ಲಿಂದ ಶಟರ್ ಎಳೆಯುವವರೆಗೆ ಚಿಕ್ಕಪ್ಪ. ಒಂದೇ ಮನೆಯಲ್ಲಿದ್ದರೂ ಇಬ್ಬರೂ ಎಚ್ಚರವಾಗಿ ಎದುರೆದುರು ಕೂರುತ್ತಿದ್ದದ್ದು ಹೋಟೆಲಿಗೆ ರಜೆಯಿದ್ದ ಸೋಮವಾರ ಮಾತ್ರ. ಹಾಗಾಗಿ ಆಟ ದಿನಕ್ಕೆ ಒಂದೊಂದೇ ನಡೆ. ಅಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ ಐದು ಗಂಟೆಯ ಚಹಾದ ಜೊತೆ ಬಿಳಿ ನಡೆಸುತ್ತಿದ್ದರು. ಚಿಕ್ಕಪ್ಪ ರಾತ್ರಿ ಬಂದವರೇ ಚಪ್ಪಲಿ ಬಿಡುವ ಮೊದಲೇ ಹಲಗೆಗೆ ಕಣ್ಣು ಹಾಯಿಸಿ, ನಿದ್ದೆಯಲ್ಲೇ ಯೋಚಿಸಿ, ಬೆಳಿಗ್ಗೆ ಸ್ನಾನವಾದ ಮೇಲೆ ಕಪ್ಪು ನಡೆಸುತ್ತಿದ್ದರು. ಹಿರಿಯನಿಗೆ ಯಾವತ್ತೂ ಬಿಳಿ. ಅದನ್ನು ಯಾರೂ ತೀರ್ಮಾನಿಸಿದ್ದಲ್ಲ, ಊಟದಲ್ಲಿ ಮೊದಲು ಹಿರಿಯರಿಗೆ ಬಡಿಸಿದ ಹಾಗೆ.

ಆರಂಭವೂ ಯಾವತ್ತೂ ಒಂದೇ. ಚಿಕ್ಕಪ್ಪನಿಗೆ ಠಾಣೆಯ ರದ್ದಿ ಅಂಗಡಿಯಲ್ಲಿ ಸಿಕ್ಕಿದ, ಮುಖಪುಟವಿಲ್ಲದ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಅದನ್ನು ಇಟಾಲಿಯನ್ ಎಂದು ಕರೆದಿದ್ದರು. ರಾಜನ ಮುಂದಿನ ಕಾಲಾಳು ಎರಡು ಮನೆ ಬರುತ್ತದೆ, ಎದುರಿನದೂ ಹಾಗೆಯೇ ಬರುತ್ತದೆ. ಬಿಳಿಯ ಕುದುರೆ ಹಾರಿ ಬಂದು ಕಪ್ಪು ಕಾಲಾಳನ್ನು ಹೆದರಿಸುತ್ತದೆ. ಕಪ್ಪಿನ ಕುದುರೆ ಅದಕ್ಕೆ ಕಾವಲು ನಿಲ್ಲುತ್ತದೆ. ಆಮೇಲೆ ಎರಡೂ ಕಡೆಯಿಂದ ಒಂಟೆಗಳು ಓರೆಯಾಗಿ ಹೊರಟು, ಎದುರಾಳಿ ರಾಜನ ಪಕ್ಕದ ಬಡಪಾಯಿ ಮನೆಯ ಮೇಲೆ ಕಣ್ಣಿಟ್ಟು ಕೂರುತ್ತವೆ. ಇಲ್ಲಿಂದ ಮುಂದೆ ದಾರಿ ಎರಡು. ಬಿಳಿಯವನು ನಡುವಿನ ಇನ್ನೊಂದು ಕಾಲಾಳನ್ನು ಎರಡು ಮನೆ ನೂಕಿದರೆ ತಿನ್ನು, ತಿನ್ನಿಸು, ಹೊಡೆದಾಟ. ಒಂದೇ ಮನೆ ನೂಕಿದರೆ ಬೇಲಿ ಕಟ್ಟಿಕೊಂಡು ಒಳಗೇ ಓಡಾಟ. ಕಪ್ಪಿಗೂ ಹಾಗೆಯೇ: ನಡುವಿಗೆ ನುಗ್ಗಬಹುದು, ಇಲ್ಲವೇ ಒಂಟೆಯನ್ನು ಮೂಲೆಗೆ ಸರಿಸಿ ಕಾಯಬಹುದು. ಇಟಾಲಿಯನ್ ಭಾಷೆಯಲ್ಲಿ ಅದಕ್ಕಿರುವ ಹೆಸರಿನ ಅರ್ಥ ‘ಶಾಂತ ಆಟ’ ಎಂದು ಪುಸ್ತಕದಲ್ಲಿತ್ತಂತೆ. ನಮ್ಮ ಮನೆಗೆ ಆ ಹೆಸರು ಎಷ್ಟು ಒಪ್ಪುತ್ತಿತ್ತು ಎನ್ನುವುದನ್ನು ಪಕ್ಕದ ಮನೆಯ ಮರಾಠಿ ಕಾಕೂ ಹೇಳಬೇಕಿತ್ತು, ಪಾಪ.

ನನಗೆ ಆಟ ಕಲಿಸಿದ್ದು ಚಿಕ್ಕಪ್ಪ. ಅವರ ಪಾಠದಲ್ಲಿ ಒಂದೇ ನಿಯಮ. ಬಿಳಿ ಆಡುವ ಮೊದಲು ಕಪ್ಪಿನ ಹಿಂದೆ ಹೋಗಿ ನಿಲ್ಲಬೇಕು, ಕಪ್ಪು ಆಡುವ ಮೊದಲು ಬಿಳಿಯ ಹಿಂದೆ. ಸುಮ್ಮನೆ ಹಲಗೆ ತಿರುಗಿಸಿದರೆ ಆಗದು, ಎದ್ದೇ ಹೋಗಬೇಕು. ಕಪ್ಪಿನ ಕಡೆ ಗೋಡೆ. ಡ್ರಮ್ಮಿಗೂ ಗೋಡೆಗೂ ನಡುವಿನ ಆ ಸಂದಿಯಲ್ಲಿ ಮನೆಯಲ್ಲಿ ಹಿಡಿಸುತ್ತಿದ್ದವಳು ನಾನೊಬ್ಬಳೇ. ಬೆನ್ನಿಗೆ ತಣ್ಣನೆಯ ಸುಣ್ಣ ಹತ್ತಿಸಿಕೊಂಡು ಅಲ್ಲಿ ನಿಂತರೆ ಅಪ್ಪನ ಬಿಳಿ ಸೈನ್ಯ ಎಷ್ಟು ಹೆದರಿಕೆ ಹುಟ್ಟಿಸುತ್ತಿತ್ತೆಂದರೆ, ಮತ್ತೆ ಈಚೆ ಬಂದಾಗ ಅದು ನಮ್ಮದೇ ಸೈನ್ಯ ಎನಿಸುತ್ತಿರಲಿಲ್ಲ.

“ಅವನಿಗೆ ಎಂತ ಬೇಕು ಅಂತ ಮೊದಲು ಹೇಳು. ಮತ್ತೆ ನಿನಗೆ ಎಂತ ಬೇಕು ನೋಡುವ,” ಎನ್ನುತ್ತಿದ್ದರು ಚಿಕ್ಕಪ್ಪ.

ಸೋಮವಾರಗಳನ್ನು ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಅಂದು ಸಂಜೆ ಅಮ್ಮ ನೀರುಳ್ಳಿ ಬಜೆ ಕರಿಯುತ್ತಿದ್ದಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಬನಿಯನ್ನಿನಲ್ಲಿ ಅಡುಗೆ ಕೋಣೆಯ ನೆಲದ ಮೇಲೆ ಕೂತು ಬಿಸಿಬಿಸಿ ಎತ್ತಿಕೊಳ್ಳುತ್ತಿದ್ದರು. ದೊಡ್ಡವರ ನಡುವೆ ತುಳು, ನನ್ನ ಕನ್ನಡ ಕೆಡದಿರಲೆಂದು ನನ್ನ ಜೊತೆ ಕನ್ನಡ, ಬಾಗಿಲಾಚೆ ಮರಾಠಿ. ಜಗಳ ಮಾತ್ರ ಕನ್ನಡದಲ್ಲಿ. ಅದಕ್ಕೊಂದು ಗಾಂಭೀರ್ಯ ಬೇಕಲ್ಲ! ಮನೆಯಲ್ಲಿ ಎರಡು ತಟ್ಟೆ ನೀರುಳ್ಳಿ ಬಜೆ ತಿನ್ನುವ ಅಪ್ಪ ಹೋಟೆಲಿನೊಳಗೆ ನೀರುಳ್ಳಿ, ಬೆಳ್ಳುಳ್ಳಿಯ ಸಿಪ್ಪೆಯನ್ನೂ ಬಿಡುತ್ತಿರಲಿಲ್ಲ. ಸಾಂಬಾರಿಗಿಲ್ಲ, ಮಸಾಲೆ ದೋಸೆಯ ಪಲ್ಯಕ್ಕೂ ಇಲ್ಲ. ಹೋಟೆಲು ತೆರೆಯುವಾಗ ದೇವರ ಮುಂದೆ ಅಜ್ಜ ಹಾಗೆಂದು ಮಾತು ಕೊಟ್ಟಿದ್ದರಂತೆ. ಮನೆಯದ್ದು ಬೇರೆ, ಅಂಗಡಿಯದ್ದು ಬೇರೆ ಎಂಬುದು ಅಪ್ಪನ ವೇದಾಂತ.

ಜಗಳ ಹುಟ್ಟಿದ್ದು ಅಲ್ಲಿಯೇ. ಸಂಜೆ ಪಾಳಿಯ ಚಿಕ್ಕಪ್ಪನಿಗೆ ಸಂಜೆಯ ಗಿರಾಕಿಗಳ ಬಾಯಿ ಗೊತ್ತಿತ್ತು. ಕಚೇರಿ ಬಿಟ್ಟು ಬರುವವರೆಲ್ಲ ‘ಪಾವ್‌ಭಾಜಿ ಹೈ ಕ್ಯಾ’ ಎಂದು ಕೇಳಿ, ಇಲ್ಲವೆಂದರೆ ಎದುರಿನ ಅಂಗಡಿಗೆ ದಾಟುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಬೇರೆಯೇ ತವಾ ಇಡೋಣ, ಒಳಗಿನ ಅಡುಗೆಗೆ ಮುಟ್ಟಿಸುವುದೇ ಬೇಡ ಎಂದು ಚಿಕ್ಕಪ್ಪ ಒಂದು ಸೋಮವಾರ ಬಜೆ ತಿನ್ನುತ್ತಲೇ ಮಾತು ತೆಗೆದರು. ಅಪ್ಪನ ಕೈಯಲ್ಲಿದ್ದ ಬಜೆ ತಟ್ಟೆಗೆ ಮರಳಿತು.

“ನಾನಿರುವವರೆಗೆ ಬೆಳ್ಳುಳ್ಳಿಯ ಒಗ್ಗರಣೆ ಆ ಹೊಸ್ತಿಲು ದಾಟ್ಲಿಕ್ಕಿಲ್ಲ.”

“ಹೊಸ್ತಿಲಿನ ಹೊರಗೇ ಅಂತ ಹೇಳಿದ್ದಲ್ಲವಾ ಅಣ್ಣ ನಾನು?”

“ವಾಸನೆಗೆ ಹೊಸ್ತಿಲು ಗೊತ್ತುಂಟಾ?”

“ಹಾಗಾದ್ರೆ ಈ ತಟ್ಟೆಯಲ್ಲಿರುವುದು ಎಂತದು? ಇದಕ್ಕೆ ವಾಸನೆ ಇಲ್ವಾ?”

ಅಮ್ಮ ಬಾಣಲೆ ಇಳಿಸಿದಳು. ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲಿ, ಆದರೆ ಅವತ್ತು ಅವರು ಕೂಗಲಿಲ್ಲ. ಮೆಲ್ಲಗೆ, ಸ್ಪಷ್ಟವಾದ ಕನ್ನಡದಲ್ಲಿ, “ನಿನಗೆ ಅಷ್ಟು ಬೇಕಿದ್ದರೆ ನಿನ್ನದೇ ಬೇರೆ ಅಂಗಡಿ ಇಟ್ಟುಕೋ,” ಎಂದರು. ಚಿಕ್ಕಪ್ಪ ಎದ್ದು ಕೈ ತೊಳೆದರು. ಮಾರನೆಯ ದಿನದಿಂದ ಇಬ್ಬರ ನಡುವೆ ಮಾತಿಲ್ಲ. ಅಪ್ಪ ಅರ್ಧ ಗಂಟೆ ಮೊದಲೇ ಹೋಟೆಲಿನ ಬೀಗದ ಕೈ ಅಡುಗೆ ಭಟ್ಟರ ಕೈಗೆ ಕೊಟ್ಟು ಹೊರಟುಬಿಡುತ್ತಿದ್ದರು. ಅಣ್ಣನ ಲೋಕಲ್ ರೈಲೂ ತಮ್ಮನ ಲೋಕಲ್ ರೈಲೂ ದಿವಾ, ಮುಂಬ್ರಾ ಸ್ಟೇಷನ್ನುಗಳ ನಡುವೆ ಎಲ್ಲೋ ಒಂದನ್ನೊಂದು ಹಾದುಹೋಗುತ್ತಿದ್ದವು. ಆಶ್ಚರ್ಯವೆಂದರೆ ಹಲಗೆಯ ಆಟ ನಿಲ್ಲಲಿಲ್ಲ. ಐದು ಗಂಟೆಗೆ ಬಿಳಿ, ಬೆಳಿಗ್ಗೆ ಕಪ್ಪು. ಮಾತು ಬಿಟ್ಟವರಿಬ್ಬರೂ ಆಟ ಬಿಡಲಿಲ್ಲ.

ಚಿಕ್ಕಪ್ಪ ರಜೆಯ ಸೋಮವಾರಗಳಲ್ಲಿ ವಾಶಿಗೆ ಹೋಗತೊಡಗಿದರು. ಅಲ್ಲಿ ಸಗಟು ಮಾರುಕಟ್ಟೆಯ ಹತ್ತಿರ ಒಂದು ಗಾಳೆ, ಅಂದರೆ ಅಂಗಡಿ ಜಾಗ, ಖಾಲಿಯಿತ್ತು. ಅದು ಗೊತ್ತಾದ ದಿನ ನಾನು ಮೋರಿಯ ಕಟ್ಟೆಯ ಮೇಲೆ ಕೂತು ಅತ್ತೆ. ಅವರಿಗಾಗ ಮದುವೆಯಾಗಿರಲಿಲ್ಲ, ಅವರ ಪ್ರಪಂಚವೆಲ್ಲ ಒಂದು ಟ್ರಂಕು, ಒಂದು ಹಾಸಿಗೆ, ಮತ್ತೆ ನಾನು. ಬೆಳಿಗ್ಗೆ ನನ್ನ ಜಡೆ ಹಾಕುತ್ತಿದ್ದವರೂ ಅವರೇ, ಅಮ್ಮನಿಗಿಂತ ಬಿಗಿಯಾಗಿ. ನಾಳೆಯಿಂದ ಯಾರು ಎಂದು ನನಗೆ ದಿಕ್ಕು ತೋಚಲಿಲ್ಲ.

“ಯಾವಾಗ ಹೋಗ್ತೀರಿ?” ಎಂದು ಕೇಳಿದೆ.

“ಅಳಬೇಡ ಮಾರಾಯ್ತಿ. ಈಗ ನಡೀತಿರುವ ಆಟ ಮುಗಿಯಲಿ, ಮತ್ತೆ ನೋಡುವ.”

ಅಳು ನಿಲ್ಲಿಸಲು ಆಡಿದ ಮಾತು ಅದು. ಆದರೆ ಹತ್ತು ವರ್ಷದ ನಾನು ಅದನ್ನು ಗಂಟು ಹಾಕಿಕೊಂಡೆ. ಆಟ ಮುಗಿದರಲ್ಲವೇ ಚಿಕ್ಕಪ್ಪ ಹೋಗುವುದು? ಮುಗಿಯಲು ಬಿಟ್ಟರೆ ತಾನೆ!

ಇಟಾಲಿಯನ್ ಆಗಷ್ಟೇ ಕವಲಿಗೆ ಬಂದಿತ್ತು. ಇಬ್ಬರಿಗೂ ಈಗ ಮಾತಾಡಲು ಬೇರೆ ಜನವಿಲ್ಲದ್ದರಿಂದ ಆಟದ ಮಾತನ್ನು ನನ್ನ ಬಳಿ ಆಡುತ್ತಿದ್ದರು. ಸಂಜೆ ಅಪ್ಪ ಚಹಾದ ಲೋಟ ಹಿಡಿದು, ‘ಎರಡು ಮನೆ ನೂಕಿ ತೆರೆದುಬಿಡಲಾ’ ಎನ್ನುವರು. ನಾನು ಸಂದಿಗೆ ನುಗ್ಗಿ, ಕಪ್ಪಿನ ಹಿಂದೆ ನಿಂತು, ದೊಡ್ಡ ಪಂಡಿತೆಯ ಹಾಗೆ ತಲೆಯಾಡಿಸಿ, ಒಂದೇ ಮನೆ ಸಾಕು ಎನ್ನುವೆ. ಬೆಳಿಗ್ಗೆ ಚಿಕ್ಕಪ್ಪ ಜಡೆ ಹೆಣೆಯುತ್ತಾ, ‘ನಡುವಿಗೆ ನುಗ್ಗಿದರೆ ಹೇಗೆ’ ಎನ್ನುವರು. ಒಂಟೆಯನ್ನು ಮೊದಲು ಹಿಂದಕ್ಕೆ ಸರಿಸಿ, ಇಲ್ಲದಿದ್ದರೆ ಅಪ್ಪ ಓಡಿಸುತ್ತಾರೆ ಎಂದು ನಾನು ಹೆದರಿಸುವೆ. ಯಾರಿಗೂ ಸುಳ್ಳು ಹೇಳುತ್ತಿರಲಿಲ್ಲ. ಎರಡೂ ಒಳ್ಳೆಯ ನಡೆಗಳೇ. ಎರಡು ಕಡೆಗೂ ಅತ್ಯಂತ ನಿಧಾನದ ದಾರಿ ಆರಿಸಿ ಕೊಡುತ್ತಿದ್ದೆ, ಅಷ್ಟೆ. ಮೂರು ವಾರ ಕಳೆದರೂ ಒಂದು ಕಾಲಾಳೂ ಸಾಯಲಿಲ್ಲ.

“ನೀನು ಯಾರ ಪಕ್ಷ, ಹೇಳು?” ಎಂದು ಚಿಕ್ಕಪ್ಪ ಒಮ್ಮೆ ಜಡೆ ಜಗ್ಗಿದರು.

“ಎರಡೂ.”

“ಎರಡೂ ಪಕ್ಷ ಅನ್ನುವವರು ಮುಂದೆ ಕಾರ್ಪೊರೇಟರ್ ಆಗ್ತಾರೆ.”

ಅಮ್ಮನಿಗೆ ನಗು ಬರುತ್ತಿರಲಿಲ್ಲ. ಇಬ್ಬರ ಊಟವನ್ನೂ ಬೇರೆ ಬೇರೆ ಹೊತ್ತಿಗೆ ಬಿಸಿ ಮಾಡಿ ಮಾಡಿ ಅವಳು ಸೋತಿದ್ದಳು. ಒಂದು ಶುಕ್ರವಾರ ಅಪ್ಪನಿಗೆ ಬಡಿಸುತ್ತಾ ನೇರವಾಗಿ ಹೇಳಿದಳು.

“ಭಾನುವಾರ ಬೆಳಿಗ್ಗೆ ವಾಶಿಯವರಿಗೆ ಮಾತು ಕೊಡ್ಲಿಕ್ಕೆ ಹೋಗ್ತಾನಂತೆ. ನೀವು ಒಂದು ಮಾತು ಆಡಿದ್ರೆ ನಿಲ್ತಾನೆ. ಒಂದೇ ಒಂದು ಮಾತು.”

“ನೋಡುವ,” ಎಂದರು ಅಪ್ಪ.

ನಾನೂ ಕೇಳಿಸಿಕೊಂಡೆ, ಆದರೆ ಹೆದರಲಿಲ್ಲ. ಆಟ ನನ್ನ ಕೈಯಲ್ಲಿತ್ತಲ್ಲ! ಶನಿವಾರ ಸಂಜೆ ಅಪ್ಪ ಎಂದಿಗಿಂತ ಹೆಚ್ಚು ಹೊತ್ತು ಹಲಗೆಯ ಮುಂದೆ ಕೂತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಚಹಾ ಅರ್ಧ ಉಳಿಸಿ, ಒಂದು ನಡೆ ನಡೆಸಿ, ಶಾಲು ಹೊದ್ದು ಭಜನೆಗೆ ಹೊರಟುಹೋದರು. ಹೋಗಿ ನೋಡಿದೆ. ಬಿಳಿಯ ಮಂತ್ರಿ ಒಬ್ಬಂಟಿಯಾಗಿ ಬಯಲಿಗೆ ಬಂದು, ಕಪ್ಪು ಕುದುರೆ ಒಂದೇ ಜಿಗಿತಕ್ಕೆ ತಿನ್ನುವ ಮನೆಯಲ್ಲಿ ನಿಂತಿತ್ತು. ಅದಕ್ಕೆ ಪ್ರತಿಯಾಗಿ ಏನೂ ಇಲ್ಲ, ಹಿಂದೆ ಒಂದು ಉಪಾಯವೂ ಇಲ್ಲ. ಸಂದಿಗೆ ನುಗ್ಗಿ ಕಪ್ಪಿನ ಕಡೆಯಿಂದ ನೋಡಿದೆ, ಅಲ್ಲಿಂದಲೂ ಅಷ್ಟೆ. ಅಪ್ಪನಿಗೆ ಕಣ್ಣು ತಪ್ಪಿದೆ, ಪಾಪ, ಬೆಳಗಿನ ಜಾವ ಏಳುವವರು ಎಂದುಕೊಂಡೆ. ಮಂತ್ರಿ ಹೋದರೆ ನಾಲ್ಕೈದು ದಿನದಲ್ಲಿ ಆಟ ಮುಗಿಯುತ್ತದೆ. ಮುಗಿದರೆ ವಾಶಿ. ಅಮ್ಮ ನನಗೆ ಬೆನ್ನು ಹಾಕಿ ರವೆ ಜರಡಿ ಹಿಡಿಯುತ್ತಿದ್ದಳು. ನಾನು ಮಂತ್ರಿಯನ್ನು ಎತ್ತಿ ರಾಜನ ಪಕ್ಕದ ಅದರ ಮನೆಯಲ್ಲಿಟ್ಟು, ಅಂಚಿನ ಕಾಲಾಳೊಂದನ್ನು ಒಂದು ಮನೆ ಮುಂದೆ ಸರಿಸಿದೆ. ಅಪ್ಪನ ತಪ್ಪು ತಿದ್ದಿದ ಹೆಮ್ಮೆಯೂ ಇತ್ತು ನನಗೆ, ಸುಳ್ಳೇಕೆ ಹೇಳಲಿ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಜಡೆ ಹಾಕುವಾಗ ಕೈ ಎಂದಿನಂತೆ ಬಿಗಿಯಾಗಿರಲಿಲ್ಲ.

“ಇಷ್ಟಾದ ಮೇಲೂ ನಿನ್ನಪ್ಪ ಬೇಲಿಗೆ ಇನ್ನೊಂದು ಗೂಟ ನೆಟ್ಟಿದ್ದಾನೆ ನೋಡಿದ್ಯಾ?” ಎಂದರು.

ಆಮೇಲೆ ಕಪ್ಪಿನ ಒಂದು ಕಾಲಾಳನ್ನು ಬೆರಳ ತುದಿಯಿಂದ ನೂಕಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟರು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದ ಅಪ್ಪ ಕೈಕಾಲು ತೊಳೆಯದೆ ಸೀದಾ ಡ್ರಮ್ಮಿನ ಬಳಿ ಹೋದರು. ಹಲಗೆ ನೋಡುತ್ತಿದ್ದಂತೆ ಅವರ ಮುಖ ಬಾಡಿತು. ಅಮ್ಮ ಬಡಿಸಿದ ಅನ್ನದ ಮುಂದೆ ಕೂತು ಕಲಸಿದರು, ಆದರೆ ತುತ್ತು ಎತ್ತಲಿಲ್ಲ.

“ಮಂತ್ರಿಯನ್ನೇ ಅವನ ಎದುರಿಗೆ ಇಟ್ಟಿದ್ದೆ,” ಎಂದರು ಅಮ್ಮನಿಗೆ. “ನೀನೇ ಗೆದ್ದೆ ಮಾರಾಯ ಅಂತ ಬಾಯಲ್ಲಿ ಹೇಳ್ಲಿಕ್ಕೆ ಬರಲಿಲ್ಲ. ತವಾ ಇಡ್ಲಿಕ್ಕೆ ಹೊರಗಿನ ಕಟ್ಟೆಯ ಅಳತೆಯನ್ನೂ ತೆಗೆಸಿದ್ದೆ. ಅವನು ನನ್ನ ಮಂತ್ರಿಯನ್ನು ವಾಪಸ್ ಮನೆಗೆ ಕಳಿಸಿ, ನನ್ನ ಕಾಲಾಳನ್ನೂ ಅವನೇ ನಡೆಸಿ ಹೋಗಿದ್ದಾನೆ. ನಿನ್ನ ದಾನ ಬೇಡ ಅಂತ ಅದರ ಅರ್ಥ.”

ಆಗಲೂ ಹೇಳಬಹುದಿತ್ತು. ವಾಶಿಗೆ ಕೊಟ್ಟ ಮಾತು ಅವತ್ತೇ ಹಿಂದೆ ತೆಗೆದುಕೊಳ್ಳಲಾಗದಂಥದ್ದೇನಲ್ಲ. ಅಪ್ಪನ ಕೈಯ ಪೆಟ್ಟಿಗೆ ಹೆದರಿದೆನೇ ಎಂದರೆ, ಅವರು ನನ್ನನ್ನು ಹೊಡೆದವರೇ ಅಲ್ಲ. ಅಪ್ಪನ ಮುಖ ಇನ್ನೊಮ್ಮೆ ಹಾಗಾಗುವುದನ್ನು, ಈ ಸಲ ನನ್ನಿಂದ ಆಗುವುದನ್ನು ನೋಡಲಾರದೆ ಹೋದೆ. ಹೇಳಲಿಲ್ಲ. ನಾಳೆ ಹೇಳೋಣವೆಂದುಕೊಂಡೆ, ನಾಳೆ ಎನ್ನುವುದು ಬರುತ್ತಲೇ ಹೋಯಿತು. ಮುಂದಿನ ವಾರ ಚಿಕ್ಕಪ್ಪನ ಟ್ರಂಕನ್ನು ಹಮಾಲನೊಬ್ಬ ತಲೆಯ ಮೇಲೆ ಹೊತ್ತು ಜಿನೆಯ ಮೆಟ್ಟಿಲು ಇಳಿದ. ನಾನು ಗ್ಯಾಲರಿಯಿಂದ ‘ಆಟ ಮುಗಿದಿಲ್ಲ’ ಎಂದು ಕಿರುಚಿದೆ. ಅವರು ತಲೆಯೆತ್ತಿ, “ಇದು ಮುಗಿಯುವ ಆಟ ಅಲ್ಲ ಮಗಾ,” ಎಂದು ಕೈ ಬೀಸಿದರು.

ಅಪ್ಪ ಕಾಯಿಗಳನ್ನು ಬಟ್ಟೆಯ ಚೀಲಕ್ಕೆ ತುಂಬಿ ಕಪಾಟಿನ ಮೇಲೆ ಹಾಕಿದರು. ಅಮ್ಮ ಈಗ ಒಂದೇ ಕೈಯಲ್ಲಿ ಮುಚ್ಚಳ ತೆಗೆದು ಅಕ್ಕಿ ಅಳೆಯುತ್ತಿದ್ದಳು. ಅವಳು ಅಷ್ಟು ದಿನ ಬಯಸಿದ್ದೂ ಅದನ್ನೇ, ಆದರೆ ಕೆಲವು ತಿಂಗಳು ಅಭ್ಯಾಸಬಲದಿಂದ ಎರಡೂ ಕೈ ಚಾಚುತ್ತಿದ್ದಳು. ವರ್ಷಗಳು ಕಳೆದಂತೆ ಅಣ್ಣತಮ್ಮಂದಿರು ಮತ್ತೆ ಮಾತಾಡಿದರು. ಮದುವೆ, ಉಪನಯನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಪಾಯಸ ಹೇಗಿದೆಯೆಂದು ಚರ್ಚಿಸಿದರು. ಆದರೆ ಅದು ಎದುರುಮನೆಯವರ ಜೊತೆ ಆಡುವಂಥ ಮಾತು. ವಾಶಿಯ ಹೋಟೆಲಿನಲ್ಲಿ ಪಾವ್‌ಭಾಜಿಗೆ ಸಾಲು ನಿಲ್ಲುತ್ತಿತ್ತು. ಅಲ್ಲಿಯ ಅಡುಗೆಮನೆಯಲ್ಲಿ ನೀರುಳ್ಳಿ ಹಾಕದ ಸಾಂಬಾರಿನ ಒಂದು ಸಣ್ಣ ಪಾತ್ರೆ ದಿನವೂ ಬೇರೆ ಒಲೆಯ ಮೇಲೆ ಇರುತ್ತಿತ್ತೆಂದೂ, ‘ಅಣ್ಣ ಯಾವಾಗಲಾದರೂ ಬಂದರೆ’ ಎಂದು ಚಿಕ್ಕಪ್ಪ ಹೇಳುತ್ತಿದ್ದರೆಂದೂ ನನಗೆ ತಿಳಿದದ್ದು ಬಹಳ ತಡವಾಗಿ. ಅಪ್ಪ ಒಮ್ಮೆಯೂ ಹೋಗಲಿಲ್ಲ. ಕರೆದರೆ ಹೋಗುತ್ತಿದ್ದರು.

ಆ ಸಂದಿಯಲ್ಲಿ ನಿಂತು ಕಲಿತ ಬುದ್ಧಿ ನನ್ನನ್ನು ಎಲ್ಲೆಲ್ಲೋ ನಡೆಸಿತು. ಕಲ್ಯಾಣದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಎರಡೂ ಕಡೆಯ ಮಾತು ಕೇಳುವ ಟೀಚರ್ ಎಂಬ ಹೆಸರೂ ಬಂತು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯಲು ಯಾವತ್ತೂ ಒಪ್ಪಲಿಲ್ಲ. ನನ್ನ ಮಕ್ಕಳು ಜಗಳವಾಡಿದರೆ ಇಬ್ಬರನ್ನೂ ಒಂದು ಕೋಣೆಗೆ ಹಾಕಿ ಬಾಗಿಲೆಳೆದುಕೊಳ್ಳುತ್ತಿದ್ದೆ. ‘ಮಮ್ಮಿ ಕಿಸೀ ಕಾ ಸೈಡ್ ನಹೀ ಲೇತೀ’, ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದು ಅವರು ದೂರುತ್ತಿದ್ದರು. ಯಾಕೆಂದು ಅವರಿಗೆ ಹೇಳಿದವಳಲ್ಲ. ಅಪ್ಪನಿಗೂ ಹೇಳಲಿಲ್ಲ. ಕೊನೆಯ ದಿನಗಳಲ್ಲಿ ಅವರ ಕಾಲು ಒತ್ತುತ್ತಾ ಎರಡು ಸಲ ಬಾಯಿ ತೆರೆದು ಮತ್ತೆ ಮುಚ್ಚಿದೆ. ಅದಕ್ಕೆ ನನಗೆ ಕ್ಷಮೆಯಿಲ್ಲ.

ಅಪ್ಪ ಹೋದ ಮೇಲೆ ಒಂದು ಮಧ್ಯಾಹ್ನ ವಾಶಿಗೆ ಹೋಗಿ ಚಿಕ್ಕಪ್ಪನ ಮುಂದೆ ಎಲ್ಲವನ್ನೂ ಹೇಳಿದೆ. ಅವರಿಗೀಗ ಕಣ್ಣು ಮಂಜು, ಹೋಟೆಲನ್ನು ಮಗ ನೋಡಿಕೊಳ್ಳುತ್ತಾನೆ. ನಾನು ಬಿಕ್ಕುತ್ತಾ ಹೇಳಿ ಮುಗಿಸಿದೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಮನೆಯಲ್ಲಿ ಇಟ್ಟಿದ್ದ?”

“ಅಪ್ಪನ ಬಲದಿಂದ ಎರಡನೇ ಸಾಲು, ನಾಲ್ಕನೇ ಮನೆ. ನಿಮ್ಮ ಕುದುರೆಯ ಬಾಯಿಗೇ.”

ಖಾಲಿ ಮೇಜಿನ ಮೇಲೆ ಅವರ ಬೆರಳು ಒಂದೊಂದೇ ಮನೆ ಸರಿದು ಆ ಜಾಗಕ್ಕೆ ಹೋಗಿ ನಿಂತಿತು.

“ನಾನಾದರೂ ಅದನ್ನು ತಿನ್ತಿರಲಿಲ್ಲ ಮಗಾ. ಅಣ್ಣನ ಮಂತ್ರಿಯನ್ನು ತಿನ್ಲಿಕ್ಕುಂಟಾ? ನೀನು ಮಾಡಿದ್ದನ್ನೇ ಮಾಡ್ತಿದ್ದೆ. ಎತ್ತಿ ಅದರ ಮನೆಯಲ್ಲೇ ವಾಪಸ್ ಇಡ್ತಿದ್ದೆ.”

ಅಷ್ಟು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿಯಿತು ಎಂದುಕೊಂಡು ನಾನು ಕಣ್ಣೊರೆಸಿಕೊಂಡೆ. ಚಿಕ್ಕಪ್ಪ ಬೆರಳನ್ನು ಮೇಜಿನಿಂದ ತೆಗೆದರು.

“ಆದ್ರೆ ಆ ರಾತ್ರಿಯೇ ಅಣ್ಣನನ್ನು ಎಬ್ಬಿಸಿ, ಅವನ ಕಣ್ಣೆದುರೇ ಇಡ್ತಿದ್ದೆ.”